ಈಜಿಪ್ಟ್ ಅರ್ಧ ನಕ್ಷೆ ನುಂಗಿದ್ದು ಹೇಗೆ? ‘ರೋಮ್: ಟೋಟಲ್ ವಾರ್’ನಲ್ಲಿ ಕಂಪ್ಯೂಟರ್ ಕಟ್ಟೋ ಸಾಮ್ರಾಜ್ಯಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಈ ವಾರದ ವಿಷಯ ಸಿಕ್ಕಿದ್ದು ಹುಬ್ಬಳ್ಳಿ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ. ಅವರ ಮಾತಲ್ಲೇ ಹೇಳ್ತೀನಿ: “ಅಣ್ಣಾ, ನಾ ಇನ್ನೂ ಗಾಲ್ ಮಂದಿ ಜೋಡಿ ಬಡದಾಡಾಕತ್ತೀನಿ, ಅಷ್ಟರಾಗ ಈಜಿಪ್ಟ್ ಅರ್ಧಾ ನಕ್ಷಾನ ನುಂಗಿ ಕುಂತೇತಿ. ಇದು ಮೋಸ ಅಲ್ಲೇನು?”

ಅವರು ಹೇಳ್ತಾ ಇರೋದು ‘ರೋಮ್: ಟೋಟಲ್ ವಾರ್’ ಅನ್ನೋ ಆಟದ ಬಗ್ಗೆ. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ 2004ರಲ್ಲಿ ಕಂಪ್ಯೂಟರ್‌ಗೆ ಅಂತ ಮಾಡಿದ ಆಟ ಇದು. ಫೆರಲ್ ಇಂಟರಾಕ್ಟಿವ್ ಅನ್ನೋ ಕಂಪನಿ ಇದನ್ನ 2016ರಲ್ಲಿ ಐಪ್ಯಾಡ್‌ಗೆ, 2018ರಲ್ಲಿ ಐಫೋನ್ ಮತ್ತು ಆಂಡ್ರಾಯ್ಡ್‌ಗೆ ತಂತು. ಹಾಗಾಗಿ ಆಟ ಬಂದಾಗ ಒಂದನೇ ಕ್ಲಾಸಲ್ಲಿದ್ದವರೂ ಈಗ ಇದನ್ನ ಫೋನಲ್ಲಿ ಆಡ್ತಿದ್ದಾರೆ, ಅದೇ ಈಜಿಪ್ಟ್ ಬಗ್ಗೆ ಅದೇ ದೂರು ಹೇಳ್ತಿದ್ದಾರೆ.

ಆಡದೇ ಇರೋರಿಗೆ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಕ್ರಿ.ಪೂ. 270ರಲ್ಲಿ ಆಟ ಶುರು. ನೀವು ರೋಮಿನ ಮೂರು ಮನೆತನಗಳಲ್ಲಿ ಒಂದನ್ನ ಆರಿಸ್ಕೋತೀರಿ. ಜೂಲಿಯೈ ಆದರೆ ಉತ್ತರಕ್ಕೆ ಗಾಲ್ ಕಡೆ, ಬ್ರೂಟಿಯೈ ಆದರೆ ಪೂರ್ವಕ್ಕೆ ಗ್ರೀಸ್ ಕಡೆ, ಸ್ಕಿಪಿಯೈ ಆದರೆ ದಕ್ಷಿಣಕ್ಕೆ ಕಾರ್ಥೇಜ್ ಕಡೆ. ಒಂದು ಟರ್ನ್ ಅಂದರೆ ಅರ್ಧ ವರ್ಷ. ಗೆಲ್ಲಬೇಕು ಅಂದರೆ 50 ಪ್ರಾಂತ್ಯ ಬೇಕು, ಅದರಲ್ಲಿ ರೋಮ್ ನಗರವೂ ಸೇರಿರಬೇಕು. ಉಳಿದ ಬಣಗಳನ್ನೆಲ್ಲ, ಅಂದರೆ ಈಜಿಪ್ಟ್, ಸೆಲ್ಯೂಕಿಡ್, ಪಾರ್ಥಿಯಾ, ಮ್ಯಾಸಿಡೋನ್, ಬ್ರಿಟನ್ ಹೀಗೆ ಎಲ್ಲವನ್ನೂ ಕಂಪ್ಯೂಟರ್ ಆಡಿಸುತ್ತೆ. ನೀವು ‘ಟರ್ನ್ ಮುಗೀತು’ ಅಂತ ಒತ್ತಿದ ಮೇಲೆ ಒಂದಾದ ಮೇಲೊಂದು ಅವುಗಳ ಸರದಿ. ಆ ಕೆಲವು ಸೆಕೆಂಡುಗಳಲ್ಲಿ ನಿಮಗೆ ಕಾಣದ ಕಡೆ ಏನೇನು ನಡೀತು ಅನ್ನೋದು ನಿಮಗೆ ಗೊತ್ತಾಗೋದೇ ಇಲ್ಲ. ಮೂವತ್ತು ನಲವತ್ತು ಟರ್ನ್ ಕಳೆದ ಮೇಲೆ ನಿಮ್ಮ ರಾಯಭಾರಿ ಯಾರಿಂದಲೋ ನಕ್ಷೆ ತಗೊಂಡು ಬರ್ತಾನೆ. ನೋಡಿದರೆ ಪೂರ್ವ ಭಾಗವೆಲ್ಲ ಹಳದಿ. ಹಳದಿ ಅಂದರೆ ಈಜಿಪ್ಟ್.

ಇದನ್ನ ನೋಡಿದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಎರಡೇ ಮಾತು. ಒಂದು, ಆಟದಲ್ಲೇ ಬಗ್ ಇದೆ. ಇನ್ನೊಂದು, ಕಂಪ್ಯೂಟರ್ ಮೋಸ ಮಾಡ್ತಿದೆ.

ಮೊದಲು ಬಗ್ ವಿಚಾರ. ನಮಗೆ ಬಗ್ ಕಥೆಗಳು ಅಂದರೆ ಬಲು ಇಷ್ಟ. ‘ಸಿವಿಲೈಸೇಷನ್’ ಆಟದ ಗಾಂಧಿ ಅಣುಬಾಂಬ್ ಹಾಕ್ತಾರೆ ಅನ್ನೋ ಮೀಮ್ ನೀವೆಲ್ಲ ನೋಡಿರ್ತೀರಿ. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಯ ಅಂಕಿ 1 ಇತ್ತು, ಅದರಿಂದ 2 ಕಳೆದಾಗ ಲೆಕ್ಕ ತಿರುಗಿ 255 ಆಗಿಬಿಡ್ತು ಅನ್ನೋ ಕಥೆ ವರ್ಷಗಟ್ಟಲೆ ಓಡಾಡ್ತು. ಆಟದ ಕರ್ತೃ ಸಿಡ್ ಮೇಯರ್ 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅಂಥ ಬಗ್ ಇರಲೇ ಇಲ್ಲ ಅಂತ ಬರೆದರು. ಕಥೆ ಚೆನ್ನಾಗಿತ್ತು, ಅದಕ್ಕೇ ಬದುಕಿತು.

ಮೋಸ ಅನ್ನೋ ಮಾತಲ್ಲಿ ಸ್ವಲ್ಪ ಹುರುಳಿದೆ. ಕಷ್ಟದ ಮಟ್ಟ ಏರಿಸಿದರೆ ಇಂಥ ಆಟಗಳು ಕಂಪ್ಯೂಟರ್‌ಗೆ ಬುದ್ಧಿ ಕೊಡೋದಿಲ್ಲ, ಬಂಡವಾಳ ಕೊಡ್ತವೆ. ‘ಸಿವಿಲೈಸೇಷನ್ 6’ರ ಅತಿ ಕಷ್ಟದ ಮಟ್ಟದಲ್ಲಿ ನೀವು ಊರು ಕಟ್ಟೋಕೆ ಒಬ್ಬ ವಲಸಿಗನ ಜೊತೆ ಶುರು ಮಾಡಿದರೆ ಎದುರಾಳಿ ಮೂರು ಜನರ ಜೊತೆ ಶುರು ಮಾಡ್ತಾನೆ. ಆದರೆ ಒಂದು ಯೋಚನೆ ಮಾಡಿ. ಆ ಸಹಾಯ ಕಂಪ್ಯೂಟರ್ ಆಡಿಸೋ ಎಲ್ಲ ಬಣಗಳಿಗೂ ಸಿಗುತ್ತೆ. ಹಾಗಿದ್ದ ಮೇಲೆ ಪ್ರತಿ ಸಲ ಉಬ್ಬೋದು ಈಜಿಪ್ಟೇ ಯಾಕೆ? ಪಾರ್ಥಿಯಾ ಯಾಕಲ್ಲ? ಮೋಸ ಅನ್ನೋ ಉತ್ತರ ಈ ಪ್ರಶ್ನೆಯ ಹತ್ತಿರಕ್ಕೂ ಬರೋಲ್ಲ.

ಬೆನ್ನ ಹಿಂದೆ ಮರಳುಗಾಡು

ನಕ್ಷೆ ನೋಡಿ. ಈಜಿಪ್ಟಿನ ಕೈಯಲ್ಲಿ ಮೊದಲಿಂದಲೇ ಅಲೆಕ್ಸಾಂಡ್ರಿಯಾ, ಮೆಂಫಿಸ್, ಥೀಬ್ಸ್ ಇವೆ. ನೈಲ್ ನದಿಯ ಬಯಲು, ಬೆಳೆ ಚೆನ್ನಾಗಿದೆ, ಊರು ಬೇಗ ಬೆಳೀತವೆ, ತೆರಿಗೆ ಬರುತ್ತೆ. ಪಶ್ಚಿಮಕ್ಕೆ ಮರಳುಗಾಡು, ದಕ್ಷಿಣಕ್ಕೆ ನಕ್ಷೆಯೇ ಮುಗಿದುಹೋಗುತ್ತೆ. ಶತ್ರು ಬರೋದಾದರೆ ಉತ್ತರದಿಂದ, ಒಂದೇ ದಾರಿಯಲ್ಲಿ. ಮನೆಗೆ ಮೂರು ಕಡೆ ಗೋಡೆ, ಒಂದು ಕಡೆ ಮಾತ್ರ ಬಾಗಿಲು ಇದ್ದ ಹಾಗೆ.

ಆ ಬಾಗಿಲಾಚೆ ಸೆಲ್ಯೂಕಿಡ್ ಬಣ ಇದೆ. ಅವರ ಊರುಗಳು ಈಗಿನ ಟರ್ಕಿಯ ಪಶ್ಚಿಮ ತುದಿಯ ಸಾರ್ಡಿಸ್‌ನಿಂದ ಈಗಿನ ಬಾಗ್ದಾದ್ ಹತ್ತಿರದ ಸೆಲ್ಯೂಸಿಯಾವರೆಗೆ ಉದ್ದಕ್ಕೆ ಚಾಚಿಕೊಂಡಿವೆ. ನೋಡೋಕೆ ದೊಡ್ಡದು. ಆದರೆ ಉತ್ತರದಲ್ಲಿ ಪಾಂಟಸ್, ಅರ್ಮೇನಿಯಾ, ಪೂರ್ವದಲ್ಲಿ ಪಾರ್ಥಿಯಾ, ಪಶ್ಚಿಮದಲ್ಲಿ ಗ್ರೀಕ್ ನಗರಗಳು, ದಕ್ಷಿಣದಲ್ಲಿ ಈಜಿಪ್ಟ್. ಐದು ಜನ ನೆರೆಯವರು, ಐದೂ ಜನರ ಕಣ್ಣು ಇವರ ಹೊಲದ ಮೇಲೆ. ಕಂಪ್ಯೂಟರ್ ಹೊಂಚು ಹಾಕೋದು ಹೆಚ್ಚಾಗಿ ಪಕ್ಕದಲ್ಲೇ ಇರೋ, ಕಾವಲು ಕಮ್ಮಿ ಇರೋ ಊರಿಗೆ. ಸೆಲ್ಯೂಕಿಡ್ ಸೈನ್ಯ ಪಾಂಟಸ್ ಕಡೆ ತಿರುಗಿದ ಟರ್ನ್‌ನಲ್ಲೇ ದಕ್ಷಿಣದ ಊರು ಖಾಲಿಯಾಗಿ ಕಾಣುತ್ತೆ. ಈಜಿಪ್ಟ್ ಒಳಗೆ ಕಾಲಿಡುತ್ತೆ. ಇದರಲ್ಲಿ ಯಾವ ದೂರಾಲೋಚನೆಯೂ ಇಲ್ಲ. ‘ಪೂರ್ವವನ್ನೆಲ್ಲ ಗೆಲ್ಲೋಣ’ ಅಂತ ಯಾರೂ ಅಲ್ಲಿ ಕೂತು ಯೋಚನೆ ಮಾಡಿಲ್ಲ.

ಆಮೇಲೆ ಯುದ್ಧದ ಲೆಕ್ಕ. ನೀವು ಯುದ್ಧ ಮಾಡಿದರೆ ಮೈದಾನ ತೆರೆದುಕೊಳ್ಳುತ್ತೆ, ಬೆಟ್ಟ, ಕಾಡು, ಕುದುರೆ ಎಲ್ಲ ಬರುತ್ತೆ. ಎರಡು ಕಂಪ್ಯೂಟರ್ ಬಣಗಳು ಹೊಡೆದಾಡಿದರೆ ಮೈದಾನವೇ ಇಲ್ಲ. ಎರಡೂ ಕಡೆಯ ಅಂಕಿಗಳನ್ನ ತಕ್ಕಡಿಗೆ ಹಾಕಿ ಆಟ ಒಂದು ಫಲಿತಾಂಶ ಬರೆದುಬಿಡುತ್ತೆ. ಈ ತಕ್ಕಡಿ ಈಜಿಪ್ಟ್ ಮತ್ತು ಬ್ರಿಟನ್ ರಥಗಳಿಗೆ ಸಿಗಬೇಕಾದ್ದಕ್ಕಿಂತ ಹೆಚ್ಚು ತೂಕ ಕೊಡುತ್ತೆ ಅನ್ನೋದು ಹಳೇ ಆಟಗಾರರ ವಾದ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬೇರೆ: ಇಂಥ ಲೆಕ್ಕದಲ್ಲಿ ಸಣ್ಣ ಸೈನ್ಯ ದೊಡ್ಡದನ್ನ ಉಪಾಯದಿಂದ ಸೋಲಿಸೋ ಅವಕಾಶ ತೀರಾ ಕಮ್ಮಿ. ಹೆಚ್ಚು ಇದ್ದವನಿಗೆ ಇನ್ನಷ್ಟು ಸಿಗುತ್ತಾ ಹೋಗುತ್ತೆ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮ ಅಳಿಗುಳಿ ಮಣೆ ಸಾಕು. ಕರಾವಳಿಯವರು ಚೆನ್ನೆಮಣೆ ಅಂತಾರಲ್ಲ, ಅದೇ. ಒಬ್ಬೊಬ್ಬರಿಗೆ ಏಳು ಗುಳಿ. ಮೊದಲ ಸುತ್ತಲ್ಲಿ ಕಾಳು ಕಮ್ಮಿ ಗೆದ್ದವರಿಗೆ ಎರಡನೇ ಸುತ್ತಲ್ಲಿ ಏಳೂ ಗುಳಿ ತುಂಬಿಸೋಕೆ ಆಗೋಲ್ಲ. ತುಂಬದ ಗುಳಿ ಆಟದಿಂದ ಹೊರಗೆ. ಗುಳಿ ಕಮ್ಮಿ ಆದಷ್ಟೂ ಗೆಲ್ಲೋ ದಾರಿ ಕಮ್ಮಿ, ಮುಂದಿನ ಸುತ್ತಿಗೆ ಕಾಳು ಇನ್ನೂ ಕಮ್ಮಿ. ಅಜ್ಜಿ ಜೊತೆ ಆಡಿದವರಿಗೆ ಗೊತ್ತು, ಮೂರನೇ ಸುತ್ತಿಗೆ ಬರೋ ಹೊತ್ತಿಗೆ ಆಟ ಮುಗಿದಿರುತ್ತೆ, ನಾವು ಸುಮ್ನೆ ಕಾಳು ಹಾಕ್ತಾ ಕೂತಿರ್ತೀವಿ ಅಷ್ಟೇ. ಈಜಿಪ್ಟ್ ಗೆದ್ದ ಮೊದಲ ಎರಡು ಊರು ಆ ಮೊದಲ ಸುತ್ತಿನ ಕಾಳು. ಆ ಊರಿನ ತೆರಿಗೆಯಲ್ಲಿ ಇನ್ನೊಂದು ಸೈನ್ಯ, ಆ ಸೈನ್ಯದಿಂದ ಇನ್ನೆರಡು ಊರು.

ಬ್ರಿಟನ್ ಕಥೆಯೂ ಇದೇ ಜಾತಿಯದು. ದ್ವೀಪ, ಕಂಪ್ಯೂಟರ್ ಬಣಗಳು ಹಡಗಲ್ಲಿ ಸೈನ್ಯ ತುಂಬಿಸಿ ಅಲ್ಲಿಗೆ ಹೋಗೋದು ಅಪರೂಪ. ಹಾಗಾಗಿ ಮನೆ ಕಾಯೋ ಚಿಂತೆ ಇಲ್ಲ, ಇರೋ ಬಲವನ್ನೆಲ್ಲ ತಂದು ಗಾಲ್ ಮೇಲೆ ಸುರೀಬಹುದು. ಗಾಲ್‌ಗೋ ನಾಲ್ಕೂ ಕಡೆ ಜಗಳ. ನೀವು ಜೂಲಿಯೈ ಆಗಿ ಆಲ್ಪ್ಸ್ ದಾಟೋ ಹೊತ್ತಿಗೆ ಅಲ್ಲಿ ಗಾಲ್ ಬದಲು ಬ್ರಿಟನ್ನರು ನಿಂತಿರ್ತಾರೆ. ನಿಜವಾದ ಕ್ರಿ.ಪೂ. 270ರಲ್ಲಿ ಬ್ರಿಟನ್ ಅನ್ನೋ ಒಂದೇ ರಾಜ್ಯವೇ ಇರಲಿಲ್ಲ. ಬೇರೆ ಬೇರೆ ಬುಡಕಟ್ಟುಗಳಿದ್ದವು ಅಷ್ಟೇ.

ಇನ್ನೊಂದು ತಮಾಷೆ. ಕಂಪ್ಯೂಟರಿನ ಆವೃತ್ತಿಯಲ್ಲಿ ‘ಡೆಸ್ಕ್ರ್_ಸ್ಟ್ರಾಟ್’ ಅನ್ನೋ ಹೆಸರಿನ ಸಾದಾ ಟೆಕ್ಸ್ಟ್ ಫೈಲ್ ಇದೆ. ಯಾವ ಬಣಕ್ಕೆ ಯಾವ ಊರು, ಎಷ್ಟು ದುಡ್ಡು ಅನ್ನೋದೆಲ್ಲ ಅದರಲ್ಲೇ ಇರೋದು. ಪ್ರತಿ ಬಣದ ಮುಂದೆ ಅದರ ಸ್ವಭಾವ ಹೇಳೋ ಎರಡು ಪದ ಇರುತ್ತೆ. ಮೊದಲನೆಯದು ಅದು ಏನು ಕಟ್ಟೋಕೆ ಇಷ್ಟಪಡುತ್ತೆ ಅನ್ನೋದು: ವ್ಯಾಪಾರಿ, ನಾವಿಕ, ಕುಶಲಕರ್ಮಿ ಹೀಗೆ. ಎರಡನೆಯದು ಎಂಥ ಸೈನ್ಯ ಕಟ್ಟುತ್ತೆ ಅನ್ನೋದು. ಅಲ್ಲಿ ಸಿಗೋ ಹೆಸರುಗಳು ನೆಪೋಲಿಯನ್, ಸ್ಟಾಲಿನ್, ಮಾವೋ, ಗೆಂಘಿಸ್, ಸೀಸರ್, ಹೆನ್ರಿ, ಕೊನೆಗೆ ಒಬ್ಬ ಸ್ಮಿತ್. ಕ್ರಿಸ್ತಪೂರ್ವದ ಅರಸರ ತಲೆಯೊಳಗೆ ಇಪ್ಪತ್ತನೇ ಶತಮಾನದ ಸ್ಟಾಲಿನ್! ನಾವು ‘ಈಜಿಪ್ಟಿನ ರಾಜ ಭಾರೀ ಚಾಣಾಕ್ಷ’ ಅಂತ ಮಾತಾಡ್ತೀವಲ್ಲ, ಆ ರಾಜನ ಸ್ವಭಾವ ಅಂದರೆ ಫೈಲಿನಲ್ಲಿರೋ ಈ ಎರಡು ಪದ. ಉಳಿದದ್ದನ್ನೆಲ್ಲ ಮಾಡಿದ್ದು ನಕ್ಷೆ.

ತಿದ್ದಿದರೆ ಸರಿಹೋಗುತ್ತಾ?

ಇತಿಹಾಸ ಓದಿಕೊಂಡ ಆಟಗಾರರಿಗೆ ಈ ಈಜಿಪ್ಟ್ ಕಂಡರೆ ಆಗ್ತಿರಲಿಲ್ಲ. ಯಾಕಂದರೆ ಆಟ ತೋರಿಸೋದು ಫೇರೋಗಳ ಕಾಲದ ವೇಷ, ರಥ, ಬಿಲ್ಲು. ಕ್ರಿ.ಪೂ. 270ರಲ್ಲಿ ಅಲ್ಲಿ ಆಳ್ತಾ ಇದ್ದದ್ದು ಎರಡನೇ ಟಾಲೆಮಿ. ಅಲೆಕ್ಸಾಂಡರ್‌ನ ಸೇನಾಪತಿಯ ಮಗ, ಗ್ರೀಕ್ ಮಾತಾಡೋ ಮ್ಯಾಸಿಡೋನಿಯಾ ವಂಶ, ಉದ್ದ ಭರ್ಜಿಯ ಮ್ಯಾಸಿಡೋನಿಯಾ ಮಾದರಿಯ ಸೈನ್ಯ. ಎಲ್ಲರಿಗೂ ಗೊತ್ತಿರೋ ಕ್ಲಿಯೋಪಾತ್ರ ಇದೇ ವಂಶದ ಕೊನೆಯವಳು.

ಹಾಗಾಗಿ ‘ಯುರೋಪಾ ಬಾರ್ಬರೋರಮ್’ ಅನ್ನೋ ಹೆಸರಲ್ಲಿ ಆಸಕ್ತರ ಗುಂಪೊಂದು ಆಟವನ್ನೇ ತಿದ್ದಿ ಒಂದು ಮಾಡ್ ಮಾಡ್ತು. ಈಜಿಪ್ಟ್ ಹೋಗಿ ಟಾಲೆಮಿ ರಾಜ್ಯ ಬಂತು. ಸೆಲ್ಯೂಕಿಡ್ ಬಣಕ್ಕೆ ಇತಿಹಾಸದಲ್ಲಿ ಇದ್ದಷ್ಟು ನೆಲ ಸಿಕ್ತು. ಈಗ ಸರಿಹೋಗಬೇಕಿತ್ತಲ್ಲ? ಹೋಗಲಿಲ್ಲ. ಈ ಸಲ ಸೆಲ್ಯೂಕಿಡ್‌ಗಳೇ ಉಬ್ಬಿ ಎಲ್ಲರನ್ನೂ ನುಂಗೋಕೆ ಶುರು ಮಾಡಿದರು. ಅವರ ಬಣ್ಣ ಬೂದು. ಆಟಗಾರರು ಅದಕ್ಕೆ ‘ಗ್ರೇ ಡೆತ್’ ಅಂತ ಹೆಸರಿಟ್ಟರು, ಬೂದು ಬಣ್ಣದ ಸಾವು ಅಂತ. ಟಾಲೆಮಿಗಳು ಮೇಲುಗೈ ಆದ ಆಟಕ್ಕೆ ‘ಯೆಲ್ಲೋ ಡೆತ್’.

ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಅಂಕಿ ತಪ್ಪಿದ್ದಾಗ ಒಬ್ಬ ಉಬ್ಬಿದ, ಅಂಕಿ ಸರಿ ಮಾಡಿದಾಗ ಇನ್ನೊಬ್ಬ ಉಬ್ಬಿದ. ಹಾಗಾದರೆ ನಿಜವಾದ ಇತಿಹಾಸದಲ್ಲಿ ಇವರಿಬ್ಬರೂ ಯಾಕೆ ಉಬ್ಬಲಿಲ್ಲ?

ಉಬ್ಬೋಕೆ ಹೋಗಿದ್ದರು ಅನ್ನೋದು ಮೊದಲ ಉತ್ತರ. ಕ್ರಿ.ಪೂ. 246ರಲ್ಲಿ ಸೆಲ್ಯೂಕಿಡ್ ದೊರೆ ಎರಡನೇ ಆಂಟಿಯೋಕಸ್ ಸತ್ತ. ಇಬ್ಬರು ರಾಣಿಯರು, ಇಬ್ಬರ ಮಕ್ಕಳು, ಪಟ್ಟ ಯಾರಿಗೆ ಅನ್ನೋ ಜಗಳ. ಒಬ್ಬ ರಾಣಿ ಬೆರೆನೈಸ್ ಈಜಿಪ್ಟಿನ ಅರಸ ಮೂರನೇ ಟಾಲೆಮಿಯ ಸೋದರಿ. ಆತ ಸೈನ್ಯ ತಗೊಂಡು ಹೊರಟ, ಆಂಟಿಯೋಕ್ ದಾಟಿ ಮೆಸಪೊಟೇಮಿಯಾವರೆಗೆ ನುಗ್ಗಿದ. ಅವನ ಹೊಗಳಿಕೆಯ ಒಂದು ಶಾಸನ ಕೆಂಪು ಸಮುದ್ರದ ಅಡೂಲಿಸ್ ಬಂದರಿನಲ್ಲಿತ್ತು. ಅದರ ಪ್ರಕಾರ ಅವನು ಬ್ಯಾಕ್ಟ್ರಿಯಾದವರೆಗಿನ ನೆಲವನ್ನೆಲ್ಲ ಗೆದ್ದಿದ್ದ. ರಾಜರ ಶಾಸನ ಅಂದಮೇಲೆ ಉತ್ಪ್ರೇಕ್ಷೆ ಇದ್ದೇ ಇರುತ್ತೆ. ಆದರೂ ಆ ಸಾಲುಗಳನ್ನ ನಕ್ಷೆ ಮೇಲೆ ಬಿಡಿಸಿದರೆ ನಮ್ಮ ಫೋನಿನ ಹಳದಿ ಕಲೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರೋಲ್ಲ!

ಹೀಗೆ ಹೊರಟವನು ನಿಂತಿದ್ದು ಯಾಕೆ? ಹಳೇ ಬರಹಗಾರರು ಹೇಳೋ ಕಾರಣ, ಮನೆಯಲ್ಲೇ ದಂಗೆ ಎದ್ದಿತ್ತು, ವಾಪಸ್ ಬರಬೇಕಾಯ್ತು. ಅವನ ಮಗ ನಾಲ್ಕನೇ ಟಾಲೆಮಿಯ ಕಥೆ ಇನ್ನೂ ವಿಚಿತ್ರ. ಕ್ರಿ.ಪೂ. 217ರಲ್ಲಿ ಈಗಿನ ಗಾಜಾ ಹತ್ತಿರದ ರಾಫಿಯಾದಲ್ಲಿ ಮೂರನೇ ಆಂಟಿಯೋಕಸ್ ಜೊತೆ ದೊಡ್ಡ ಯುದ್ಧ. ಗ್ರೀಕ್ ಸೈನಿಕರು ಸಾಲದೆ ಬಂದಾಗ ಸುಮಾರು 20,000 ಈಜಿಪ್ಟ್ ಮೂಲದವರಿಗೆ ಭರ್ಜಿ ಕೊಟ್ಟು ತರಬೇತಿ ಕೊಟ್ಟರು. ಯುದ್ಧ ಗೆದ್ದರು. ಆದರೆ ಆ ಜನಕ್ಕೆ ‘ನಮ್ಮ ಬಲ ನಮಗೆ ಗೊತ್ತಾಯ್ತು’ ಅನ್ನಿಸಿ ಅವರು ಅರಸನ ವಿರುದ್ಧವೇ ತಿರುಗಿದರು ಅಂತ ಪಾಲಿಬಿಯಸ್ ಬರೀತಾನೆ. ಕ್ರಿ.ಪೂ. 205ರ ಸುಮಾರಿಗೆ ಥೀಬ್ಸ್ ಸೀಮೆ ಕೈತಪ್ಪಿ ಹೋಯ್ತು, ಅಲ್ಲಿಯವರೇ ಫೇರೋಗಳಾದರು. ಮತ್ತೆ ಪೂರ್ತಿ ವಶಕ್ಕೆ ಬಂದಿದ್ದು ಕ್ರಿ.ಪೂ. 186ರಲ್ಲಿ. ಆಟದಲ್ಲಿ ಥೀಬ್ಸ್ ಅಂದರೆ ನಕ್ಷೆಯ ಮೂಲೆಯಲ್ಲಿರೋ, ಯಾರೂ ಮುಟ್ಟದ ಊರು.

ಸೆಲ್ಯೂಕಿಡ್ ಕಡೆಯೂ ಹಾಗೇ. 246ರ ಜಗಳದ ಬೆನ್ನಿಗೇ ಅಣ್ಣ ತಮ್ಮಂದಿರ ಯುದ್ಧ. ಆ ಗದ್ದಲದಲ್ಲಿ ಬ್ಯಾಕ್ಟ್ರಿಯಾದ ಪ್ರಾಂತ್ಯಾಧಿಕಾರಿ ತಾನೇ ರಾಜ ಅಂದ. ಪಾರ್ಥಿಯಾದವನೂ ಕೈಕೊಟ್ಟ. ಆ ಪಾರ್ಥಿಯಾವನ್ನ ಪರ್ನಿ ಅನ್ನೋ ಅಲೆಮಾರಿ ಬುಡಕಟ್ಟಿನವರು ಬಂದು ಹಿಡಿದರು. ಒಂದು ನೂರು ವರ್ಷ ಬಿಟ್ಟು, ಕ್ರಿ.ಪೂ. 141ರಲ್ಲಿ, ಅದೇ ಜನ ಮೆಸಪೊಟೇಮಿಯಾವನ್ನೂ ತಗೊಂಡರು. ಆಮೇಲೆ ಶತಮಾನಗಟ್ಟಲೆ ರೋಮಿಗೆ ತಲೆನೋವಾಗಿದ್ದವರು ಇವರೇ. ಕ್ರಿ.ಪೂ. 270ರಲ್ಲಿ ಯಾರಾದರೂ ಬೆಟ್ಟಿಂಗ್ ಕಟ್ಟಿದ್ದರೆ ಪರ್ನಿಗಳ ಮೇಲೆ ಒಂದು ರೂಪಾಯಿನೂ ಬೀಳ್ತಿರಲಿಲ್ಲ. ನಮ್ಮ ಆಟದಲ್ಲಿ ಪಾರ್ಥಿಯಾ ಹೆಚ್ಚಾಗಿ ಮೂಲೆಯಲ್ಲಿ ಕೂತು ಕೊರಗ್ತಾ ಇರುತ್ತೆ. ಅಂದರೆ ಇತಿಹಾಸದ ನಿಜವಾದ ‘ಅನಿರೀಕ್ಷಿತ ಸಾಮ್ರಾಜ್ಯ’ವೇ ಆಟದಲ್ಲಿ ಹುಟ್ಟೋದಿಲ್ಲ!

ಕಾರಣ ಇಷ್ಟೇ. ಆಟದಲ್ಲೂ ಊರು ದಂಗೆ ಏಳುತ್ತೆ, ರಾಜಧಾನಿಯಿಂದ ದೂರ ಇದ್ದಷ್ಟೂ ಜನರ ಅಸಮಾಧಾನ ಜಾಸ್ತಿ. ಆದರೆ ಮೂಲ ಆಟದಲ್ಲಿ ಅರಸುಮನೆ ಒಡೆದು ಎರಡಾಗೋದಿಲ್ಲ. ಅಂತರ್ಯುದ್ಧ ಅನ್ನೋದು ರೋಮ್ ಮನೆತನಗಳಿಗೆ ಮಾತ್ರ. ಸೇನಾಪತಿಗಳ ನಿಷ್ಠೆಯನ್ನ ಲೆಕ್ಕಕ್ಕೆ ತಂದಿದ್ದು 2005ರ ‘ಬಾರ್ಬೇರಿಯನ್ ಇನ್ವೇಷನ್’ ವಿಸ್ತರಣೆ. ಜೊತೆಗೆ ಇನ್ನೊಂದು ಕೊರತೆ: ಒಬ್ಬ ಅತಿಯಾಗಿ ಬೆಳೆದ ಅಂತ ಉಳಿದವರೆಲ್ಲ ಒಟ್ಟಾಗಿ ಅವನ ವಿರುದ್ಧ ನಿಲ್ಲೋದು ಇಲ್ಲಿ ಇಲ್ಲ. 2019ರಲ್ಲಿ ಬಂದ ‘ಇಂಪರೇಟರ್: ರೋಮ್’ ಆಟದಲ್ಲಿ ಊರು ಕಬಳಿಸಿದಷ್ಟೂ ನೆರೆಯವರ ಸಿಟ್ಟು ಏರೋ ಒಂದು ಅಳತೆ ಇದೆ, ಒಳಜಗಳವೂ ಇದೆ. ಅದರ ನಕ್ಷೆ ಭಾರತದವರೆಗೆ ಬರುತ್ತೆ, ಮೌರ್ಯರೂ ಇದ್ದಾರೆ.

‘ರೋಮ್: ಟೋಟಲ್ ವಾರ್’ ನಕ್ಷೆ ಪರ್ಷಿಯಾ ಕಡೆಗೇ ಮುಗಿದುಹೋಗುತ್ತೆ. ಇದು ನನಗೆ ಸ್ವಲ್ಪ ಬೇಜಾರಿನ ವಿಷಯ. ಯಾಕಂದರೆ ಆಟ ಶುರುವಾಗೋ ಹೊತ್ತಿಗೇ, ಒಂದೆರಡು ವರ್ಷ ಆಚೀಚೆ, ಅಶೋಕ ಪಟ್ಟಕ್ಕೆ ಬಂದಿದ್ದು. ನಮ್ಮ ಮಸ್ಕಿ, ಬ್ರಹ್ಮಗಿರಿಯಲ್ಲಿ ಶಾಸನ ಬರೆಸಿದ ಅದೇ ಅಶೋಕ. ಕಳಿಂಗ ಯುದ್ಧದ ನೋವು ಹೇಳೋ ಅವನ ಹದಿಮೂರನೇ ಬಂಡೆ ಶಾಸನದಲ್ಲಿ ‘ಅಂತಿಯೋಕ’, ‘ತುರಮಾಯ’ ಅನ್ನೋ ಯವನ ರಾಜರ ಹೆಸರು ಬರುತ್ತೆ. ಅಂತಿಯೋಕ ಅಂದರೆ ಆಂಟಿಯೋಕಸ್, ತುರಮಾಯ ಅಂದರೆ ಟಾಲೆಮಿ. ನಮ್ಮ ಫೋನಲ್ಲಿ ಬೂದು, ಹಳದಿ ಬಣ್ಣದಲ್ಲಿ ಹೊಡೆದಾಡೋ ಅದೇ ಎರಡು ಮನೆತನ.

ಈಗ ಆಟಕ್ಕೆ ವಾಪಸ್ ಬರೋಣ. ಗಾಲ್ ಜೊತೆ ಸಿಕ್ಕಿಹಾಕ್ಕೊಂಡಿರೋರು ಏನು ಮಾಡಬಹುದು? ಶುರುವಿನಲ್ಲೇ ಒಬ್ಬ ರಾಯಭಾರಿಯನ್ನ ಹಡಗು ಹತ್ತಿಸಿ ಪೂರ್ವಕ್ಕೆ ಕಳಿಸಿ, ನಕ್ಷೆ ವಿನಿಮಯ ಮಾಡ್ಕೊಳ್ಳಿ. ಬಣಗಳ ಬಲ ತೋರಿಸೋ ಗ್ರಾಫ್ ಆಟದಲ್ಲೇ ಇದೆ, ಹತ್ತು ಟರ್ನಿಗೊಮ್ಮೆ ಅದನ್ನ ನೋಡಿ. ಯಾವುದೋ ಒಂದು ಗೆರೆ ಉಳಿದವುಗಳಿಂದ ಬಿಡಿಸಿಕೊಂಡು ಏರ್ತಾ ಇದ್ದರೆ ಹಳದಿ ಹರಡ್ತಿದೆ ಅಂತ ಅರ್ಥ. ಸೆಲ್ಯೂಕಿಡ್‌ಗೆ ದುಡ್ಡು ಉಡುಗೊರೆ ಕೊಡಬಹುದು. ನಾನು ಒಂದು ಆಟದಲ್ಲಿ ಜೂಲಿಯೈ ಖಜಾನೆಯಿಂದ ಪ್ರತಿ ಬೇಸಿಗೆ ಟರ್ನಿಗೂ ಅವರಿಗೆ ಒಂದಿಷ್ಟು ಕಳಿಸ್ತಾ ಬಂದೆ. ಆಂಟಿಯೋಕ್ ಉಳೀತು, ಈಜಿಪ್ಟ್ ಸಿಡೋನ್ ಆಚೆ ದಾಟಲಿಲ್ಲ. ಸೆಲ್ಯೂಕಿಡ್‌ಗಳು ನನ್ನ ದುಡ್ಡಲ್ಲೇ ಪಾಂಟಸ್, ಅರ್ಮೇನಿಯಾ ಎರಡನ್ನೂ ಮುಗಿಸಿ ಗ್ರೀಸ್ ಕಡೆ ಹಡಗು ತಿರುಗಿಸಿದರು. ಸದ್ಯಕ್ಕೆ ಪೂರ್ವ ಎಲ್ಲ ಬೂದು.